ಸಣ್ಣ ಕಂಪನಿಗಳು ಉಳಿಸಿದ ಬ್ಲೂಗ್ರಾಸ್

1946ರಲ್ಲಿ ಬಿಲ್ ಮನ್ರೋ, ಲೆಸ್ಟರ್ ಫ್ಲ್ಯಾಟ್ ಮತ್ತು ಅರ್ಲ್ ಸ್ಕ್ರಗ್ಸ್ ಕೊಲಂಬಿಯಾ ರೆಕಾರ್ಡ್ ಕಂಪನಿಗಾಗಿ ಹಾಡಿ ನುಡಿಸಿದ ಧ್ವನಿಮುದ್ರಿಕೆಗಳಲ್ಲಿ, ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್‌ಗಳಂಥ ತಂತಿವಾದ್ಯಗಳನ್ನು ನೆಚ್ಚಿದ ಅಮೆರಿಕದ ಬ್ಲೂಗ್ರಾಸ್ ಸಂಗೀತ ಖಚಿತ ರೂಪ ಪಡೆಯಿತು. ಅದೇ ವರ್ಷ ಟೆನ್ನೆಸಿಯ ಜಾನ್ಸನ್ ಸಿಟಿಯಲ್ಲಿ ಜಿಮ್ ಸ್ಟಾಂಟನ್ ರಿಚ್-ಆರ್-ಟೋನ್ ಎಂಬ ಪುಟ್ಟ ಕಂಪನಿಯನ್ನು ತೆರೆದರು. ಅದಕ್ಕಾಗಿ ಹಾಡಿದ ಸ್ಟ್ಯಾನ್ಲಿ ಸೋದರರು, ಮನ್ರೋ ವೇದಿಕೆಯಲ್ಲಿ ಹಾಡುತ್ತಿದ್ದ ಹಾಡೊಂದನ್ನು ಮನ್ರೋ ಅವರದೇ ರೆಕಾರ್ಡ್ ಮಾರುಕಟ್ಟೆಗೆ ಬರುವ ಮೊದಲೇ, 1948ರಲ್ಲಿ, ಹೊರತಂದರು. ಒಂದು ತಂಡದ ಶೈಲಿ ಪರಂಪರೆಯಾಗತೊಡಗಿದ್ದು ಇಲ್ಲಿಂದಲೇ ಎಂಬ ಮಾತು ಸರಿಯೆಂದೇ ನನಗನಿಸುತ್ತದೆ.

1950ರ ದಶಕದ ನಡುವೆ ರಾಕ್ ಅಂಡ್ ರೋಲ್ ಅಬ್ಬರಿಸಿದಾಗ ದೊಡ್ಡ ಕಂಪನಿಗಳ ಆಸಕ್ತಿ ಕುಂದಿತು. 1958ರ ಹೊತ್ತಿಗೆ ಸ್ಟ್ಯಾನ್ಲಿ ಸೋದರರು ಆಗ ತಾವು ಹಾಡುತ್ತಿದ್ದ ಮರ್ಕ್ಯುರಿ ಎಂಬ ದೊಡ್ಡ ಕಂಪನಿಯನ್ನು ಬಿಟ್ಟು ಸ್ಟಾರ್‌ಡೇ ಮತ್ತು ಕಿಂಗ್ ಎಂಬ ಸ್ವತಂತ್ರ ಕಂಪನಿಗಳ ಆಶ್ರಯಕ್ಕೆ ಬಂದಿದ್ದರು.

ಆದರೆ ಹಾಡುಗಳನ್ನು ಧ್ವನಿಮುದ್ರಿಸುವುದಕ್ಕಿಂತ ಕಷ್ಟವಾಗಿದ್ದದ್ದು ಕೇಳುಗರನ್ನು ತಲುಪುವುದು. ಅಭಿಮಾನಿಗಳು ಊರೂರುಗಳಲ್ಲಿ ಚದುರಿದ್ದರು; ಒಬ್ಬಿಬ್ಬರ ಬೇಡಿಕೆಯನ್ನು ನಂಬಿ ಅಂಗಡಿಯವರು ಸರಕು ತರಿಸುವಂತಿರಲಿಲ್ಲ. ನ್ಯೂಯಾರ್ಕಿನ ಡೇವ್ ಫ್ರೀಮನ್ 1965ರಲ್ಲಿ ಆರಂಭಿಸಿದ ಕೌಂಟಿ ಸೇಲ್ಸ್, ಹೊಸ ರೆಕಾರ್ಡ್‌ಗಳ ವಿಮರ್ಶೆಯಿದ್ದ ಸುತ್ತೋಲೆಯನ್ನು ಗಿರಾಕಿಗಳಿಗೆ ಕಳಿಸಿ, ಅವರು ಕೇಳಿದ್ದನ್ನು ಅಂಚೆಯಲ್ಲಿ ರವಾನಿಸುತ್ತಿತ್ತು. ಮರುವರ್ಷ ಜುಲೈನಲ್ಲಿ ವಾಷಿಂಗ್ಟನ್ ಸುತ್ತಮುತ್ತಲಿನ ಅಭಿಮಾನಿಗಳು ‘ಬ್ಲೂಗ್ರಾಸ್ ಅನ್‌ಲಿಮಿಟೆಡ್’ ಪತ್ರಿಕೆಯನ್ನು ಹೊರತಂದರು. ಕೆಲಸ ಹುಡುಕಿಕೊಂಡು ಅಪಲೇಚಿಯನ್ ಬೆಟ್ಟಸೀಮೆಯಿಂದ ಬಂದ ಕುಟುಂಬಗಳು ನೆಲೆಸಿದ್ದ ಆ ಪ್ರದೇಶದಲ್ಲಿ ಡಿಕ್ ಫ್ರೀಲೆಂಡ್ ಅವರ ರೆಬೆಲ್ ರೆಕಾರ್ಡ್ಸ್ ಕಂಪನಿ ಆಗಲೇ ನೆಲೆಯೂರಿತ್ತು. ಸೈಕ್ಲೋಸ್ಟೈಲ್ ಹಾಳೆಗಳಾಗಿ ಹುಟ್ಟಿದ ಪತ್ರಿಕೆಯನ್ನು, ಸ್ವತಃ ಬ್ಯಾಂಜೊ ವಾದಕರಾಗಿದ್ದ ಪೀಟ್ ಕರ್ಕೆಂಡಾಲ್ 1970ರಿಂದ ಪೂರ್ಣಪ್ರಮಾಣದ ಮಾಸಿಕವಾಗಿ ಬೆಳೆಸಿದರು. ಸಣ್ಣ ಕಂಪನಿಗಳ ಜಾಹೀರಾತು ಪತ್ರಿಕೆಯನ್ನು ಸಾಕಿತು. ಪತ್ರಿಕೆಯ ವಿಮರ್ಶೆ ಕಂಪನಿಗಳಿಗೆ ಕೊಳ್ಳುವವರನ್ನು ತಂದಿತು. ಜಾಹೀರಾತು ಕೊಟ್ಟವರ ಕೃತಿಯನ್ನೇ ತೂಗಿನೋಡಬೇಕಾದ ಈ ಸಂಬಂಧದಲ್ಲಿ ಮುಜುಗರಕ್ಕೂ ಎಡೆಯಿತ್ತು. ಆದರೂ ಇಷ್ಟು ಚದುರಿದ ಕೇಳುಗರನ್ನು ಒಂದುಗೂಡಿಸಲು ಅದಕ್ಕಿಂತ ಗಟ್ಟಿಯಾದ ಏರ್ಪಾಡು ಇರಲಿಲ್ಲ.

ಮುಂದಿನ ಪೀಳಿಗೆ ಈ ತಳಹದಿಯ ಮೇಲೆಯೇ ಬೆಳೆಯಿತು. ಮಸಾಚುಸೆಟ್ಸ್‌ನಲ್ಲಿ ಮೂವರು ಗೆಳೆಯರು 1970ರಲ್ಲಿ ಕಟ್ಟಿದ ರೌಂಡರ್ ಕಂಪನಿ, ಐದು ವರ್ಷಗಳ ನಂತರ ಬ್ಯಾಂಜೊ ವಾದಕ ಜೆ. ಡಿ. ಕ್ರೋ ಅವರ ತಂಡದ ಆಲ್ಬಂ ಮೂಲಕ ಬ್ಲೂಗ್ರಾಸ್‌ನ ಧಾಟಿಯನ್ನೇ ಬದಲಿಸಿತು. ಹದಿಹರೆಯದ ಗಾಯಕಿ ಅಲಿಸನ್ ಕ್ರೌಸ್ ಅವರಿಗೂ ಅವಕಾಶ ಕೊಟ್ಟಿತು. ಫ್ರೀಮನ್ ಜೊತೆ ದುಡಿದಿದ್ದ ಬ್ಯಾರಿ ಪಾಸ್ 1978ರಲ್ಲಿ ಶುಗರ್ ಹಿಲ್ ಕಂಪನಿಯನ್ನು ಸ್ಥಾಪಿಸಿದರು.

ಶುಗರ್ ಹಿಲ್ 1998ರಲ್ಲಿ ವೆಲ್ಕ್ ಸಂಗೀತ ಸಮೂಹಕ್ಕೂ ರೌಂಡರ್ 2010ರಲ್ಲಿ ಕಾಂಕಾರ್ಡ್ ಸಂಗೀತ ಕಂಪನಿಗೂ ಮಾರಾಟವಾದವು. ‘ಬ್ಲೂಗ್ರಾಸ್ ಅನ್‌ಲಿಮಿಟೆಡ್’ ಮಾತ್ರ ವ್ಯಾಪಾರಿ ಸಂಸ್ಥೆಯ ಪಾಲಾಗದೆ, ಕೆಂಟಕಿಯ ಓವೆನ್ಸ್‌ಬರೊದಲ್ಲಿರುವ ಬ್ಲೂಗ್ರಾಸ್ ವಸ್ತುಸಂಗ್ರಹಾಲಯದ ಆಶ್ರಯಕ್ಕೆ ಸೇರಿತು.