ನುಂಗಿದ್ದು ವಜ್ರವಾದರೆ ವಾಂತಿ ಮಾಡಿಸಬೇಡಿ

ಮಗು ವಜ್ರದ ಮೂಗುಬೊಟ್ಟು ನುಂಗಿತು ಅಂದ ಕೂಡಲೇ ಮನೆಯಲ್ಲಿ ಒಬ್ಬರು ಉಪ್ಪುನೀರು ಕದಡುತ್ತಾರೆ, ಇನ್ನೊಬ್ಬರು ಗಂಟಲಿಗೆ ಬೆರಳು ಹಾಕುತ್ತಾರೆ. ಯಾಕೆ ಅಂದರೆ, "ವಜ್ರ ವಿಷ ಅಲ್ವಾ ಡಾಕ್ಟ್ರೇ?" ಅಜ್ಜಿಯಂದಿರಷ್ಟೇ ಅಲ್ಲ, ಎಂಜಿನಿಯರಿಂಗ್ ಓದಿದವರೂ ಇದನ್ನೇ ಕೇಳುತ್ತಾರೆ. ಮಗುವಿನ ಮೇಲಿನ ಪ್ರಾಣದಿಂದ ಮಾಡುವ ಕೆಲಸವಾದ್ದರಿಂದ ಬೈಯಲು ಮನಸ್ಸು ಬರುವುದಿಲ್ಲ. ಆದರೆ ಹೊಟ್ಟೆಯಲ್ಲಿ ಸುಮ್ಮನೆ ಕೂತಿದ್ದ ವಸ್ತು ವಾಂತಿಯ ಜತೆ ಮೇಲೆದ್ದು ಶ್ವಾಸನಾಳಕ್ಕೆ ಹೋದರೆ, ಇಲ್ಲದ ಅಪಾಯವನ್ನು ನಾವೇ ತಂದುಕೊಂಡಂತೆ.

ವಜ್ರ ಬರೀ ಇಂಗಾಲ. 1797ರಲ್ಲೇ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಸ್ಮಿತ್ಸನ್ ಟೆನೆಂಟ್ ಅದನ್ನು ಸುಟ್ಟು ಸಾಬೀತುಮಾಡಿದ್ದ. ಬಂಗಾರವನ್ನೇ ಕರಗಿಸುವ ಆಮ್ಲಕ್ಕೂ ಜಗ್ಗದ ಹರಳು ಜಠರದ ಆಮ್ಲಕ್ಕೆ ಜಗ್ಗೀತೇ? ಕರಗದು, ರಕ್ತಕ್ಕೆ ಸೇರದು, ತಾಗಿದ ಜಾಗವನ್ನು ಸುಡದು.

ಇಷ್ಟನ್ನು ಜನ ಒಪ್ಪುತ್ತಾರೆ. ಒಪ್ಪಿದ ಮೇಲೂ "ವಿಷ ಅಲ್ಲದಿದ್ದರೂ ಗಟ್ಟಿ ಅಲ್ವಾ, ಕರುಳನ್ನೇ ಕೊಯ್ದುಬಿಡುತ್ತೆ" ಅನ್ನುತ್ತಾರೆ. ತೊಡಕಿರುವುದು ಇಲ್ಲೇ. ಗಡಸುತನ ಬೇರೆ, ಹರಿತ ಬೇರೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10 ಅಂದರೆ ಉಳಿದ ಖನಿಜಗಳನ್ನು ಗೀಚಬಲ್ಲದು ಎಂದಷ್ಟೇ ಅರ್ಥ. ಗೀಚಬೇಕಾದರೆ ಎದುರಿನದು ಅಲುಗದೆ ನಿಂತಿರಬೇಕು, ಹಿಂದಿನಿಂದ ಒತ್ತುವ ಬಲವೂ ಬೇಕು. ಕರುಳು ಹಾಗೆ ನಿಲ್ಲುವುದಿಲ್ಲ. ಗಟ್ಟಿ ವಸ್ತು ತಾಗಿದ ಕಡೆ ಸಡಿಲಗೊಂಡು ದಾರಿ ಬಿಡುತ್ತದೆ. ಗೋಡೆಗೆ ಲೋಳೆಯ ಪದರವಿದೆ, ಸುತ್ತಲೂ ಅರೆಜೀರ್ಣವಾದ ಆಹಾರವಿದೆ. ಪುಡಿಯಾದರೆ ಇನ್ನೂ ಹಗುರ: ಪಾಲಿಶ್‌ಗೆ ಬಳಸುವ ನಯವಾದ ವಜ್ರದ ಪುಡಿಯ ಕಣ ಕೆಲವೇ ಮೈಕ್ರಾನ್ ಇರುತ್ತದೆ, ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಚಿಕ್ಕದು. ಕರುಳು ತೂತಾಗುವುದು ಮೀನಿನ ಮುಳ್ಳು, ತೆರೆದ ಸೇಫ್ಟಿ ಪಿನ್ನುಗಳಂಥ ಉದ್ದನೆಯ ಚೂಪು ವಸ್ತುಗಳಿಂದ.

ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲೇ ವಜ್ರ ವಿಷವೆಂಬ ನಂಬಿಕೆಯನ್ನು ಅಲ್ಲಗಳೆದಿದ್ದ. ಕದಿಯಲೆಂದು ವಜ್ರ ನುಂಗಿದವರು ಅದನ್ನು ಮಲದಲ್ಲಿ ಹೊರಹಾಕಿ ಆರಾಮಾಗಿ ಓಡಾಡಿಕೊಂಡಿದ್ದರು ಎಂಬುದು ಅವನು ಕೊಟ್ಟ ಸಾಕ್ಷ್ಯ. ವಿಜಯನಗರ ಸೀಮೆಯ ಗಣಿಗಳ ವಿಚಾರ ಬಲ್ಲವನ ಮಾತದು. ಆದರೂ ನಂಬಿಕೆ ಸಾಯಲಿಲ್ಲ. 1874ರ ನವೆಂಬರ್‌ನಲ್ಲಿ ಬರೋಡಾ ಸಂಸ್ಥಾನದಲ್ಲಿ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾಗಿದ್ದ ರೆಸಿಡೆಂಟ್ ಕರ್ನಲ್ ಫೇರ್ ಚಕ್ಕೋತದ ಶರಬತ್ತನ್ನು ಒಂದೆರಡು ಗುಟುಕು ಕುಡಿದು, ಹೊಟ್ಟೆ ತೊಳಸಿ, ಉಳಿದದ್ದನ್ನು ಚೆಲ್ಲಿದಾಗ ಲೋಟದ ತಳದಲ್ಲಿ ಗಸಿ ಕಂಡಿತು. ಅದರಲ್ಲಿ ಆರ್ಸೆನಿಕ್ ಇತ್ತು, ಹೊಳೆಯುವ ಪುಡಿಯೂ ಇತ್ತು. ವಿಷ ಹಾಕಿಸಿದ್ದು ಬರೋಡಾದ ಮಹಾರಾಜ ಮಲ್ಹಾರರಾವ್ ಗಾಯಕವಾಡರು ಎಂಬ ಆರೋಪದ ವಿಚಾರಣೆಗೆ ಕೂತ ಆರು ಮಂದಿಯಲ್ಲಿ ಮೈಸೂರಿನ ಚೀಫ್ ಕಮಿಷನರ್ ಸರ್ ರಿಚರ್ಡ್ ಮೀಡ್ ಒಬ್ಬರು. ಮೂವರು ಯುರೋಪಿಯನ್ನರು ತಪ್ಪಿತಸ್ಥರೆಂದರು, ಮೂವರು ಭಾರತೀಯರು ಒಪ್ಪಲಿಲ್ಲ. ಜನರ ಬಾಯಲ್ಲಿ ಉಳಿದದ್ದು ವಜ್ರದ ಪುಡಿ. ಕೊಲ್ಲಬಹುದಾಗಿದ್ದದ್ದು ಆರ್ಸೆನಿಕ್. ಆಯುರ್ವೇದದ ವಜ್ರ ಭಸ್ಮದ ವಿಚಾರದಲ್ಲೂ ಇದೇ ಎಚ್ಚರ ಬೇಕು. ಅದನ್ನು ತಯಾರಿಸುವ ಕೆಲವು ವಿಧಾನಗಳಲ್ಲಿ ಪಾದರಸ, ಮನಃಶಿಲೆ (ಆರ್ಸೆನಿಕ್ ಇರುವ ಖನಿಜ) ಸೇರುತ್ತವೆ. ಹಾಗಾಗಿ ವಜ್ರ ನಿರುಪದ್ರವಿ ಅಂದಮಾತ್ರಕ್ಕೆ ಭಸ್ಮವೂ ಹಾಗೇ ಎಂದು ತಿಳಿಯಬೇಡಿ.

ಈಗ ಮಾಡಬೇಕಾದ್ದು. ಮೊದಲು ಉಸಿರು ನೋಡಿ. ಕೆಮ್ಮು, ಉಸಿರಾಡುವಾಗ ಸದ್ದು, ಜೊಲ್ಲು ಸುರಿಯುವುದು, ನುಂಗಲಾಗದಿರುವುದು, ಇವುಗಳಲ್ಲಿ ಒಂದಿದ್ದರೂ ತಕ್ಷಣ ಹೊರಡಿ. ಮೂಗುಬೊಟ್ಟಿನ ತಿರುಪು ಸಡಿಲವಾಗಿ, ನಿದ್ದೆಯಲ್ಲಿ ಮೂಗಿನ ಒಳಗಿನಿಂದಲೇ ಜಾರಿ ಶ್ವಾಸಕೋಶ ಸೇರುವುದುಂಟು. ಬೆಳಿಗ್ಗೆ ತಿರುಪು ಕಾಣೆಯಾಗಿದ್ದು, ಆಮೇಲೆ ಬಿಡದ ಕೆಮ್ಮು ಶುರುವಾದರೆ ಎರಡನ್ನೂ ಸೇರಿಸಿ ವೈದ್ಯರಿಗೆ ಹೇಳಿ. ಏನೂ ತೊಂದರೆ ಇಲ್ಲದಿದ್ದರೂ ಮಗುವಿಗೆ ತಿನ್ನಲು ಕೊಡದೆ ಕರೆತನ್ನಿ, ಎಂಡೋಸ್ಕೋಪಿ ಬೇಕಾದರೆ ಹೊಟ್ಟೆ ಖಾಲಿ ಇರಬೇಕು. ಜೋಡಿಯ ಇನ್ನೊಂದು ಓಲೆ ಇದ್ದರೆ ತನ್ನಿ. ಕಡ್ಡಿ ಎಷ್ಟುದ್ದ, ಕೊಕ್ಕೆ ಇದೆಯೇ ಎಂದು ನೋಡಬೇಕು.

ಎಕ್ಸ್‌ರೇಯಲ್ಲಿ ಬಂಗಾರ ಬೆಳ್ಳಗೆ ಎದ್ದು ಕಾಣುತ್ತದೆ, ಅಮೆರಿಕನ್ ಡೈಮಂಡೂ ಕಾಣುತ್ತದೆ. ಅಸಲಿ ವಜ್ರ ಇಂಗಾಲವಾದ್ದರಿಂದ ಮಸುಕು, ಚಿಕ್ಕ ಬಿಡಿ ಹರಳಾದರೆ ಕಾಣದೆಯೂ ಇರಬಹುದು. ಫಿಲ್ಮಿನಲ್ಲಿಲ್ಲ ಎಂದು ಕೆಲಸದವಳ ಮೇಲೆ ಅನುಮಾನ ಪಡಬೇಡಿ. ಜಠರ ದಾಟಿದ ಚಿಕ್ಕ ಒಡವೆ ಹೆಚ್ಚಾಗಿ ನಾಲ್ಕರಿಂದ ಆರು ದಿನದಲ್ಲಿ ತಾನೇ ಹೊರಬೀಳುತ್ತದೆ. ಭೇದಿ ಔಷಧ ಬೇಡ. ಹೊಟ್ಟೆನೋವು, ಜ್ವರ, ವಾಂತಿ, ಮಲದಲ್ಲಿ ರಕ್ತ ಕಂಡರೆ ಮಾತ್ರ ಕಾಯಬೇಡಿ.

ಓಡಬೇಕಾದ್ದು ಬಟನ್ ಸೆಲ್ ನುಂಗಿದಾಗ. ರಿಮೋಟಿನಲ್ಲಿರುವ 20 ಮಿ.ಮೀ. ಲಿಥಿಯಂ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಆಳವಾಗಿ ಸುಡಬಲ್ಲದು. ಆಗಲೂ ವಾಂತಿ ಮಾಡಿಸಬಾರದು. ಒಂದು ವರ್ಷ ದಾಟಿದ ಮಗುವಾಗಿದ್ದು, ನುಂಗಿ 12 ಗಂಟೆಯೊಳಗಾಗಿದ್ದು, ಗುಟುಕರಿಸಲು ಆಗುತ್ತಿದ್ದರೆ ದಾರಿಯುದ್ದಕ್ಕೂ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನು ಕೊಡಬಹುದು, ಆರು ಸಲದವರೆಗೆ. ಜೇನು ಹುಡುಕುತ್ತ ಮನೆಯಲ್ಲಿ ನಿಲ್ಲಬೇಡಿ.