ಟೈರೀಕ್ ಹಿಲ್‌ನನ್ನು ಯಾಕೆ ಬಿಟ್ಟರು?

2022ರ ಮಾರ್ಚ್ 23. ಕನ್ಸಾಸ್ ಸಿಟಿ ಹತ್ತಿರ ಇರುವ ಗೆಳೆಯನ ಫೋನ್ ಬಂತು. ಹಲೋ ಕೂಡ ಹೇಳಲಿಲ್ಲ. "ಏನ್ ಮಾರಾಯ ಇದು, ಹಿಲ್‌ನ ಕೊಟ್ಟೇಬಿಟ್ರಲ್ಲ! ಇವರಿಗೆ ತಲೆ ಸರಿ ಇದೆಯಾ?"

ಅವನ ಸಿಟ್ಟು ನ್ಯಾಯವಾದದ್ದೇ. ಟೈರೀಕ್ ಹಿಲ್ ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಅತಿ ವೇಗದ ರಿಸೀವರ್‌ಗಳಲ್ಲಿ, ಅಂದರೆ ಎಸೆದ ಚೆಂಡು ಹಿಡಿದು ಓಡುವವರಲ್ಲಿ, ಒಬ್ಬ. ಕನ್ಸಾಸ್ ಸಿಟಿ ಚೀಫ್ಸ್ ತಂಡ ಅವನನ್ನು ಮಯಾಮಿ ಡಾಲ್ಫಿನ್ಸ್‌ಗೆ ಬಿಟ್ಟುಕೊಟ್ಟು ಐದು ಡ್ರಾಫ್ಟ್ ಪಿಕ್, ಅಂದರೆ ಕಾಲೇಜಿನಿಂದ ಬರುವ ಹೊಸ ಹುಡುಗರನ್ನು ಆರಿಸುವ ಸರದಿ, ತೆಗೆದುಕೊಂಡಿತ್ತು. ಕಣ್ಣೆದುರು ಓಡುವ ಹುಡುಗನನ್ನು ಕೊಟ್ಟು ಐದು ಚೀಟಿ ತಂದ ಹಾಗೆ ಕಾಣುತ್ತದೆ. ಆದರೆ ನಾನು ಈ ಆಟಗಾರರ ಕರಾರಿನ ಲೆಕ್ಕ ನೋಡುವವನು. ಏಜೆಂಟರ ಕಚೇರಿಗಳಿಗೆ ಆ ಕೆಲಸ ಮಾಡಿಕೊಡುತ್ತೇನೆ. ಅವತ್ತು ನನಗೆ ಆ ಐದು ಪಿಕ್ಕಿಗಿಂತ ಜಾಸ್ತಿ ಕಂಡದ್ದು ಅದರ ಹಿಂದಿನ ಎರಡು ವಾರದ ಕೆಲಸ.

ನಮ್ಮವರಿಗೆ ಐಪಿಎಲ್ ಹರಾಜು ಗೊತ್ತು. ಅಲ್ಲಿ ಪರ್ಸ್‌ನಲ್ಲಿ ದುಡ್ಡಿದ್ದರೆ ಯಾರನ್ನು ಬೇಕಾದರೂ ಕೂಗಬಹುದು. ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಡ್ರಾಫ್ಟ್ ಹಾಗಲ್ಲ. ಹೋದ ಸೀಸನ್ನಿನಲ್ಲಿ ಕೊನೆಗೆ ಬಿದ್ದ ತಂಡ ಮೊದಲು ಆರಿಸುತ್ತದೆ, ಕಪ್ ಗೆದ್ದ ತಂಡ ಕೊನೆಗೆ. 32 ತಂಡ, ಏಳು ಸುತ್ತು. ಯಾವ ನಂಬರಿನಲ್ಲಿ ಆಯ್ಕೆಯಾದರೆ ಎಷ್ಟು ಸಂಬಳ ಅನ್ನುವುದೂ ಹೆಚ್ಚುಕಡಿಮೆ ಮೊದಲೇ ನಿಗದಿ. ಕರಾರು ನಾಲ್ಕು ವರ್ಷದ್ದು. ಮೊದಲ ಸುತ್ತಿನವರಿಗೆ ಮಾತ್ರ ಐದನೇ ವರ್ಷ ಉಳಿಸಿಕೊಳ್ಳುವ ಹಕ್ಕು ತಂಡಕ್ಕಿರುತ್ತದೆ.

ಈ ನಿಗದಿ ಬಂದದ್ದು 2011ರಲ್ಲಿ. ಅದಕ್ಕೆ ಹಿಂದಿನ ವರ್ಷ ಮೊದಲ ಪಿಕ್ ಆಗಿದ್ದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಕರಾರು. 2011ರ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಅಲ್ಲಿಂದ ಆಟದ ಲೆಕ್ಕವೇ ಬದಲಾಯಿತು. ಡ್ರಾಫ್ಟ್‌ನಲ್ಲಿ ಸಿಕ್ಕ ಒಳ್ಳೆ ಹುಡುಗ ಅಂದರೆ ನಾಲ್ಕು ವರ್ಷ ಅಗ್ಗಕ್ಕೆ ಸಿಗುವ ಆಟ. ಆ ಉಳಿತಾಯದಲ್ಲೇ ಚೆಂಡು ಎಸೆದು ಆಟ ನಡೆಸುವ ದುಬಾರಿ ಕ್ವಾರ್ಟರ್‌ಬ್ಯಾಕ್‌ನನ್ನು ಸಾಕಬೇಕು.

ಯಾಕೆಂದರೆ ಸ್ಯಾಲರಿ ಕ್ಯಾಪ್, ಅಂದರೆ ತಂಡದ ಒಂದು ವರ್ಷದ ಸಂಬಳದ ಮಿತಿ, ಎಲ್ಲರಿಗೂ ಒಂದೇ. 2022ರಲ್ಲಿ ಪ್ರತಿ ತಂಡಕ್ಕೆ 20.82 ಕೋಟಿ ಡಾಲರ್. ಶ್ರೀಮಂತ ಮಾಲೀಕ ಅಂತ ಒಂದು ಪೈಸೆ ಜಾಸ್ತಿ ಇಲ್ಲ.

ಇಲ್ಲಿ ಡೆಡ್ ಮನಿ ಬಗ್ಗೆ ಹೇಳಲೇಬೇಕು, ಜನ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಅಲ್ಲೇ. ಆಟಗಾರನಿಗೆ ಸೈನಿಂಗ್ ಬೋನಸ್ ಅಂತ ದೊಡ್ಡ ಮೊತ್ತ ಕೈಗೆ ಕೊಟ್ಟುಬಿಡುತ್ತಾರೆ. ಕ್ಯಾಪ್ ಲೆಕ್ಕದಲ್ಲಿ ಮಾತ್ರ ಅದನ್ನು ಕರಾರಿನ ವರ್ಷಗಳಿಗೆ, ಹೆಚ್ಚೆಂದರೆ ಐದು ವರ್ಷಕ್ಕೆ, ಹಂಚಿ ಬರೆಯುತ್ತಾರೆ. ಇದು ಚೀಟಿ ಎತ್ತಿದ ಹಾಗೆ. ಮೊದಲ ತಿಂಗಳೇ ಎತ್ತಿ ಮದುವೆ ಮಾಡಿ ಮುಗಿಸಿಯಾಯಿತು, ಕಂತು ಮಾತ್ರ ಕೊನೆವರೆಗೂ ಕಟ್ಟುತ್ತಿರಬೇಕು. ಆಟಗಾರನನ್ನು ನಡುವೆ ಕೈಬಿಟ್ಟರೆ ಉಳಿದ ಕಂತೆಲ್ಲ ಒಟ್ಟಿಗೆ ತಲೆಮೇಲೆ ಬರುತ್ತದೆ, ಅದೇ ಡೆಡ್ ಮನಿ. ಜೂನ್ 1ರ ನಂತರದ ಲೆಕ್ಕಕ್ಕೆ ಹಾಕಿದರೆ ಎರಡು ವರ್ಷಕ್ಕೆ ಒಡೆಯಬಹುದು, ಅಷ್ಟೇ. 2024ರ ಮಾರ್ಚ್‌ನಲ್ಲಿ ಡೆನ್ವರ್ ಬ್ರಾಂಕೋಸ್ ರಸಲ್ ವಿಲ್ಸನ್‌ನನ್ನು ಬಿಟ್ಟಾಗ ಅವರಿಗೆ ಹೀಗೆ ಬಂದದ್ದು ಸುಮಾರು 8.5 ಕೋಟಿ ಡಾಲರ್. ತಂಡದಲ್ಲಿ ಇಲ್ಲದ ಮನುಷ್ಯನಿಗೆ ಎರಡು ವರ್ಷ ಕಟ್ಟಿದ ಕಂತು ಅದು.

ಈಗ ಹಿಲ್ ವಿಷಯಕ್ಕೆ ಬರೋಣ. ಅವನ ಕರಾರಿನಲ್ಲಿ ಒಂದು ವರ್ಷ ಬಾಕಿಯಿತ್ತು. ಹೊಸ ಕರಾರಿಗೆ ಮಾತುಕತೆ ನಡೆದಿತ್ತು. ಅಷ್ಟರಲ್ಲಿ, ಅದೇ ಮಾರ್ಚ್‌ನಲ್ಲಿ, ಇನ್ನೊಬ್ಬ ದೊಡ್ಡ ರಿಸೀವರ್ ಡವಾಂಟೆ ಆಡಮ್ಸ್ ಲಾಸ್ ವೇಗಸ್ ರೈಡರ್ಸ್‌ಗೆ ಹೋದ. ಅವನಿಗೆ ಸಿಕ್ಕ ಮೊತ್ತ ನೋಡಿ ರಿಸೀವರ್‌ಗಳ ಮಾರುಕಟ್ಟೆಯೇ ಒಂದು ಮೆಟ್ಟಿಲು ಮೇಲೆ ಹೋಯಿತು. ಹಿಲ್‌ಗೆ ಮಯಾಮಿ ಕೊಟ್ಟದ್ದು ನಾಲ್ಕು ವರ್ಷಕ್ಕೆ 12 ಕೋಟಿ ಡಾಲರ್. ಅವನು ಕೇಳಿದ್ದರಲ್ಲಿ ತಪ್ಪಿಲ್ಲ, ಇಪ್ಪತ್ತೆಂಟರ ವಯಸ್ಸಿನ ಓಟಗಾರನಿಗೆ ಅದೇ ಕೊನೆಯ ದೊಡ್ಡ ಕರಾರು ಆಗಬಹುದು. ಆದರೆ ಚೀಫ್ಸ್ 2020ರಲ್ಲೇ ತನ್ನ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ಗೆ ಹತ್ತು ವರ್ಷದ, 45 ಕೋಟಿ ಡಾಲರ್‌ನ ಕರಾರು ಬರೆದಿತ್ತು. ಎರಡನ್ನೂ ಹೊತ್ತರೆ ಎದುರಾಳಿಯನ್ನು ತಡೆಯುವ ರಕ್ಷಣಾ ಆಟಗಾರರಿಗೆ ಉಳಿಯುವುದು ಚಿಲ್ಲರೆ.

ನನಗೆ ಇಷ್ಟವಾಗುವುದು ಮುಂದಿನ ಭಾಗ. ಜನರಲ್ ಮ್ಯಾನೇಜರ್ ಬ್ರೆಟ್ ವೀಚ್ ತಂಡದ ಖಾಲಿ ಕುರ್ಚಿಗಳನ್ನು ಮಾರ್ಚ್‌ನಲ್ಲೇ ತುಂಬಿಸಿಟ್ಟಿದ್ದರು. ರಕ್ಷಣೆಯಲ್ಲಿ ಟೈರನ್ ಮ್ಯಾಥ್ಯೂ ಜಾಗಕ್ಕೆ ಜಸ್ಟಿನ್ ರೀಡ್. ರಿಸೀವರ್‌ಗಳಲ್ಲಿ ಜೂಜು ಸ್ಮಿತ್-ಶುಸ್ಟರ್ ಬಂದ, ಅದೂ ಒಂದೇ ವರ್ಷಕ್ಕೆ. ಹಿಲ್ ಹೋದ ಬೆನ್ನಿಗೇ ಮಾರ್ಕೆಜ್ ವಾಲ್ಡೆಜ್-ಸ್ಕ್ಯಾಂಟ್ಲಿಂಗ್ ಬಂದ. ಯಾರೂ ಹಿಲ್ ಅಲ್ಲ, ಯಾರೂ ಆಗಬೇಕಾಗಿಯೂ ಇರಲಿಲ್ಲ. ಏಪ್ರಿಲ್‌ನಲ್ಲಿ ಡ್ರಾಫ್ಟ್ ಮೇಜಿನ ಮುಂದೆ ಕೂತಾಗ "ಅಯ್ಯೋ, ರಿಸೀವರ್ ಇಲ್ಲ" ಅಂತ ಕೈ ನಡುಗಬಾರದು, ಅಷ್ಟೇ ಅವರಿಗೆ ಬೇಕಿದ್ದದ್ದು.

ಆ ವರ್ಷ ಮೊದಲ 18 ಪಿಕ್ಕಿನಲ್ಲೇ ಆರು ರಿಸೀವರ್‌ಗಳು ಹೋದರು. ಚೀಫ್ಸ್ ಸುಮ್ನೆ ಕೂತಿತ್ತು. ಆಮೇಲೆ 29ರಿಂದ 21ಕ್ಕೆ ಏರಿ ಎದುರಾಳಿ ರಿಸೀವರ್‌ಗಳನ್ನು ಕಾಯುವ ಕಾರ್ನರ್‌ಬ್ಯಾಕ್ ಟ್ರೆಂಟ್ ಮೆಕ್‌ಡಫಿಯನ್ನು ಹಿಡಿಯಿತು. ಚಾರ್ವೇರಿಯಸ್ ವಾರ್ಡ್ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ ಮೇಲೆ ಆ ಒಂದು ಕುರ್ಚಿ ಖಾಲಿಯಿತ್ತು, ಅದನ್ನು ಬೇಕೆಂದೇ ಡ್ರಾಫ್ಟಿಗೆ ಬಿಟ್ಟಿದ್ದರು ಅಂತ ನನ್ನ ಅಂದಾಜು.

ಏರುವುದಕ್ಕೆ ನ್ಯೂ ಇಂಗ್ಲೆಂಡ್ ತಂಡಕ್ಕೆ ಕೊಟ್ಟದ್ದು 29, 94 ಮತ್ತು 121ನೇ ಪಿಕ್. ಈ ವ್ಯಾಪಾರಕ್ಕೆ ಒಂದು ಹಳೆಯ ದರಪಟ್ಟಿ ಇದೆ. 1990ರ ದಶಕದ ಶುರುವಿನಲ್ಲಿ ಜಿಮ್ಮಿ ಜಾನ್ಸನ್ ಕೋಚ್ ಆಗಿದ್ದಾಗ ಡಲ್ಲಾಸ್ ಕೌಬಾಯ್ಸ್ ಮಾಡಿಕೊಂಡದ್ದು. ಮೊದಲ ಪಿಕ್ಕಿಗೆ 3,000 ಅಂಕ, ಅಲ್ಲಿಂದ ಇಳಿಯುತ್ತಾ ಹೋಗುತ್ತದೆ. ಅದರ ಪ್ರಕಾರ 21ಕ್ಕೆ 800. ಚೀಫ್ಸ್ ಕೊಟ್ಟದ್ದು 640, 124, 52, ಕೂಡಿದರೆ 816. ಪೇಟೆಯಲ್ಲಿ ತೂಕ ಹಾಕಿ ಮೇಲೊಂದು ಹಿಡಿ ಹಾಕಿದಷ್ಟು ವ್ಯತ್ಯಾಸ. ಮೆಕ್‌ಡಫಿಯ ನಾಲ್ಕು ವರ್ಷದ ಸಂಬಳ ಪೂರ್ತಿ ಸೇರಿಸಿದರೂ ಹಿಲ್‌ನ ಒಂದು ವರ್ಷದ ಸರಾಸರಿಯ ಅರ್ಧದ ಆಸುಪಾಸು.

ಎಲ್ಲ ಪಿಕ್ಕೂ ಫಲಿಸಲಿಲ್ಲ. 54ರಲ್ಲಿ ತಂದ ರಿಸೀವರ್ ಸ್ಕೈ ಮೂರ್ ನಿರೀಕ್ಷೆಯಷ್ಟು ಬೆಳೆಯಲಿಲ್ಲ. 145ರ ಡೇರಿಯನ್ ಕಿನಾರ್ಡ್ ಹೆಚ್ಚು ದಿನ ನಿಲ್ಲಲಿಲ್ಲ. ಆದರೆ 243ರಲ್ಲಿ ಜೇಲೆನ್ ವಾಟ್ಸನ್, 251ರಲ್ಲಿ ಐಸೈಯಾ ಪಚೆಕೊ ಸಿಕ್ಕರು, ಇಬ್ಬರೂ ಕೊನೆಯ ಸುತ್ತಿನವರು. ಪಚೆಕೊ ಮೊದಲ ವರ್ಷವೇ 830 ಗಜ ಓಡಿದ, 7,05,000 ಡಾಲರ್ ಮೂಲ ಸಂಬಳಕ್ಕೆ. ಇದಕ್ಕೇ ಪಿಕ್‌ಗಳ ಸಂಖ್ಯೆ ಮುಖ್ಯ ಅನ್ನುವುದು. ಸಂಶೋಧಕರಾದ ರಿಚರ್ಡ್ ಥೇಲರ್ ಮತ್ತು ಕೇಡ್ ಮ್ಯಾಸಿ ವರ್ಷಗಟ್ಟಲೆ ಡ್ರಾಫ್ಟ್ ನೋಡಿ ಹೇಳಿದ್ದೂ ಅದೇ: ಯಾರು ದೊಡ್ಡ ಆಟಗಾರ ಆಗುತ್ತಾನೆ ಅಂತ ತಂಡಗಳಿಗೆ ತಾವು ಅಂದುಕೊಂಡಷ್ಟು ಗೊತ್ತಿರುವುದಿಲ್ಲ, ಮೇಲೇರುವುದಕ್ಕೆ ಜಾಸ್ತಿ ಬೆಲೆ ತೆರುತ್ತವೆ.

ಆ ಬೆಲೆ ನೋಡಬೇಕಾದರೆ 2023ರ ಕ್ಯಾರೊಲೈನಾ ಪ್ಯಾಂಥರ್ಸ್ ನೋಡಿ. ಮೊದಲ ಪಿಕ್ಕಿಗಾಗಿ ಶಿಕಾಗೋ ಬೇರ್ಸ್‌ಗೆ 9, 61, ಮುಂದಿನ ವರ್ಷದ ಮೊದಲ ಸುತ್ತು, 2025ರ ಎರಡನೇ ಸುತ್ತು, ಜೊತೆಗೆ ಡಿ. ಜೆ. ಮೂರ್ ಎಂಬ ಒಳ್ಳೆ ರಿಸೀವರ್‌ನನ್ನೇ ಕೊಟ್ಟರು. ತಂದದ್ದು ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್‌ನನ್ನು. ಆ ಹುಡುಗ ಎಸೆಯುವುದಾದರೂ ಯಾರಿಗೆ? ತಂಡ 17ರಲ್ಲಿ 15 ಪಂದ್ಯ ಸೋತಿತು. ಹಾಗಾಗಿ ಕೊಟ್ಟ ಮುಂದಿನ ವರ್ಷದ ಪಿಕ್ಕೇ ನಂಬರ್ ಒಂದಾಯಿತು. ಶಿಕಾಗೋ ಅದರಲ್ಲಿ ಕೇಲೆಬ್ ವಿಲಿಯಮ್ಸ್‌ನನ್ನು ಆರಿಸಿತು. ಯಂಗ್ ಬಗ್ಗೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಕುರ್ಚಿ ಎಣಿಸುವ ಪಾಠ ನನಗೆ ಬಂದದ್ದು ಕೆಳಗಿನ ತುದಿಯಿಂದ. ಡ್ರಾಫ್ಟ್‌ನ ಮೂರನೇ ದಿನ, ಶನಿವಾರ ಸಂಜೆ, ಏಳನೇ ಸುತ್ತು ಮುಗಿಯುವ ಹೊತ್ತಿಗೆ ಏಜೆಂಟರ ಫೋನ್‌ಗಳು ಒಂದೇ ಸಮನೆ ಬಡಿದುಕೊಳ್ಳುತ್ತವೆ. ಆಯ್ಕೆಯಾಗದ ಹುಡುಗರನ್ನು ತಂಡಗಳು ನೇರವಾಗಿ ಕರೆಯುವ ಸಮಯ ಅದು. ಒಂದು ವರ್ಷ ನಮ್ಮ ಹುಡುಗನೊಬ್ಬನಿಗೆ ಎರಡು ಕಡೆಯಿಂದ ಕರೆ. ಒಂದು ತಂಡ 20,000 ಡಾಲರ್ ಬೋನಸ್ ಅಂದಿತು, ಇನ್ನೊಂದು 5,000. ಅವನ ತಾಯಿ ಸ್ಪೀಕರ್ ಫೋನ್‌ನಲ್ಲಿದ್ದರು. ಯೋಚಿಸುವುದಕ್ಕೆ ಹತ್ತು ನಿಮಿಷವೂ ಇರಲಿಲ್ಲ. ನಾನು 20,000 ಅಂದೆ. ಅಷ್ಟು ಕೊಡುವವರಿಗೆ ಇವನ ಮೇಲೆ ಆಸಕ್ತಿ ಇದೆ ಅಂತ ನನ್ನ ತರ್ಕ. ಆ ತಂಡದಲ್ಲಿ ಅವನ ಜಾಗಕ್ಕೆ ಆಗಲೇ ಹನ್ನೊಂದು ಜನ ಇದ್ದರು, ಇನ್ನೊಂದರಲ್ಲಿ ಆರೇ. ನಾನು ಎಣಿಸಿರಲಿಲ್ಲ. ಆಗಸ್ಟ್ ಕೊನೆಗೆ 90 ಜನರನ್ನು 53ಕ್ಕೆ ಇಳಿಸುವ ದಿನ ಅವನ ಹೆಸರು ಹೊರಗಿತ್ತು. ಆವತ್ತಿನಿಂದ ನನ್ನ ಹಾಳೆಯಲ್ಲಿ ದುಡ್ಡಿನ ಕಾಲಂಗಿಂತ ಮೊದಲು ಬರುವುದು ತಲೆ ಎಣಿಕೆಯ ಕಾಲಂ.

ಹಿಲ್ ಹೋದ ಆ ಸೀಸನ್ನಿನಲ್ಲಿ ಮಹೋಮ್ಸ್ 5,250 ಗಜ ಎಸೆದ, ಚೀಫ್ಸ್ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು. ಮುಂದಿನ ವರ್ಷವೂ ಗೆದ್ದಿತು. ಹಿಲ್ ಕೂಡ ಮಯಾಮಿಯಲ್ಲಿ ಮೊದಲ ವರ್ಷವೇ 1,710 ಗಜ ಗಳಿಸಿದ. ಇಬ್ಬರಿಗೂ ಒಳ್ಳೆಯದಾದ ವ್ಯವಹಾರ.

2025ರ ಮಾರ್ಚ್‌ನಲ್ಲಿ ಅದೇ ಗೆಳೆಯ ಮತ್ತೆ ಫೋನ್ ಮಾಡಿದ. ಈ ಸಲ ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆಯಂತೆ ನಿಲ್ಲುವವರಲ್ಲಿ ಒಬ್ಬ, ಗಾರ್ಡ್ ಜೋ ಥೂನಿಯನ್ನು ಶಿಕಾಗೋಗೆ ಕೊಟ್ಟಿದ್ದರು, ಒಂದು ನಾಲ್ಕನೇ ಸುತ್ತಿನ ಪಿಕ್ಕಿಗೆ. ಧ್ವನಿಯಲ್ಲಿ ಹಳೆಯ ಸಿಟ್ಟಿರಲಿಲ್ಲ. "ಈಗ ಯಾರಿಗೆ ದುಡ್ಡು ಉಳಿಸ್ತಾ ಇದಾರೆ ಹೇಳು," ಅಂದ. ಟ್ರೇ ಸ್ಮಿತ್‌ಗೆ, ಅಂದೆ. 2021ರಲ್ಲಿ ಆರನೇ ಸುತ್ತಿನಲ್ಲಿ ಸಿಕ್ಕ ಗಾರ್ಡ್, ಅಗ್ಗದ ನಾಲ್ಕು ವರ್ಷ ಮುಗಿದಿತ್ತು. ಒಂದು ವರ್ಷ ಬೇರೆಡೆ ಹೋಗದಂತೆ ತಡೆಯುವ ಫ್ರಾಂಚೈಸ್ ಟ್ಯಾಗ್ ಹಾಕಿ ಹಿಡಿದಿಟ್ಟುಕೊಂಡಿದ್ದರು. ಜುಲೈನಲ್ಲಿ ಅವನಿಗೆ ನಾಲ್ಕು ವರ್ಷಕ್ಕೆ 9.4 ಕೋಟಿ ಡಾಲರ್ ಕರಾರಾಯಿತು.

"ಮತ್ತೆ ಲೆಫ್ಟ್ ಟ್ಯಾಕಲ್ ಗತಿ?" ಅಂದ. ಅದೇ ಗೋಡೆಯ ಎಡತುದಿಯ ಆ ಜಾಗಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಜೇಲನ್ ಮೂರ್‌ನನ್ನು ಎರಡು ವರ್ಷಕ್ಕೆ ಆ ಮಾರ್ಚ್‌ನಲ್ಲೇ ತಂದರು. ಕುರ್ಚಿ ತುಂಬಿತ್ತು. ಹಾಗಾಗಿ ಏಪ್ರಿಲ್‌ನಲ್ಲಿ ಅವಸರವಿರಲಿಲ್ಲ. 31ನೇ ಪಿಕ್ಕನ್ನು ಫಿಲಡೆಲ್ಫಿಯಾಗೆ ಕೊಟ್ಟು ಒಂದೇ ಮೆಟ್ಟಿಲು ಕೆಳಗಿಳಿದರು, ಅದಕ್ಕೆ ಮೇಲೊಂದು ಪಿಕ್ ಗಿಟ್ಟಿಸಿಕೊಂಡರು. 32ರಲ್ಲಿ ಓಹಾಯೋ ಸ್ಟೇಟ್‌ನ ಟ್ಯಾಕಲ್ ಜಾಷ್ ಸಿಮನ್ಸ್ ಇನ್ನೂ ಹಾಗೇ ಉಳಿದಿದ್ದ, ಮೊಣಕಾಲಿನ ಗಾಯಕ್ಕೆ ಹೆದರಿ ಉಳಿದವರು ಬಿಟ್ಟಿದ್ದ ಹುಡುಗ. ಚೀಫ್ಸ್ ಅವನ ಹೆಸರು ಬರೆದುಕೊಟ್ಟಿತು.