ಬೆಟ್ಟದ ಮೆದು ನೀರೂ ಬಾಯ್ಲರನ್ನು ತಿನ್ನುತ್ತದೆಯೇ?

ಪ್ರಶ್ನೆ: ನಮ್ಮದು ಮಡಿಕೇರಿ ಹತ್ತಿರದ ರೆಸಾರ್ಟ್. ಲಾಂಡ್ರಿಗೂ ಅಡುಗೆಮನೆಗೂ ಸೇರಿ ಒಂದು ಸಣ್ಣ ಸ್ಟೀಮ್ ಬಾಯ್ಲರ್ ಇದೆ. ನೀರು ಬೆಟ್ಟದ ತೊರೆಯಿಂದ ಪೈಪಿನಲ್ಲಿ ಬರುತ್ತದೆ. ಪಾತ್ರೆಗಳಲ್ಲಿ ಬಿಳಿ ಕಟ್ಟಿದ್ದೇ ಇಲ್ಲ. ಆದರೂ ಬಾಯ್ಲರಿನ ಟ್ಯೂಬ್ ತೂತು ಬಿದ್ದು ಸೋರಿತು. ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಹಾಕಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಸರಿಹೋಗುವುದಿಲ್ಲ. ಮಡಿಕೇರಿ, ಭಾಗಮಂಡಲ, ಸೋಮವಾರಪೇಟೆ ಕಡೆಯಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹೆಚ್ಚಿನವರು ಸಾಫ್ಟ್‌ನರಿಗೆ ಹಣ ಸುರಿದ ಮೇಲೆ ಕೇಳುತ್ತಾರೆ. ನೀವು ಮೊದಲೇ ಕೇಳಿದ್ದೀರಿ, ಆ ಹಣ ಉಳಿಯಿತು.

ಬಾಯ್ಲರಿಗೆ ನೀರಿನಿಂದ ಬರುವ ತೊಂದರೆ ಎರಡು ಬಗೆಯದು. ಒಂದು ಸ್ಕೇಲ್, ಇನ್ನೊಂದು ತುಕ್ಕು. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕಾದ ಲೋಹದ ಮೇಲೆ ಪದರವಾಗಿ ಕೂರುತ್ತವೆ. ಆ ಪದರ ಉಕ್ಕಿನಷ್ಟು ಸುಲಭವಾಗಿ ಶಾಖವನ್ನು ದಾಟಿಸುವುದಿಲ್ಲ. ಸೌದೆ ಹೆಚ್ಚು ಉರಿಯುತ್ತದೆ, ಟ್ಯೂಬ್ ಮಿತಿಮೀರಿ ಕಾದು ಕೊನೆಗೆ ಉಬ್ಬುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರಿಗೆ ಇದೇ ದೊಡ್ಡ ಶತ್ರು, ಸಾಫ್ಟ್‌ನರ್ ಇರುವುದೂ ಇದನ್ನು ತಡೆಯಲಿಕ್ಕೆ. ಅದರೊಳಗಿನ ರೆಸಿನ್ ಎಂಬ ಸಣ್ಣ ಮಣಿಗಳ ರಾಶಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತದೆ. ಅದರ ಕೆಲಸ ಅಷ್ಟಕ್ಕೇ ಮುಗಿಯುತ್ತದೆ. ನೀರಿನಲ್ಲಿ ಕರಗಿದ ಗಾಳಿಯನ್ನು ಅದು ಮುಟ್ಟುವುದಿಲ್ಲ.

ನಿಮ್ಮ ಟ್ಯೂಬನ್ನು ತಿಂದಿರುವುದು ಬಹುಮಟ್ಟಿಗೆ ಆ ಗಾಳಿಯೇ. ಬದಲಾಯಿಸಿದ ಹಳೆಯ ಟ್ಯೂಬನ್ನು ಗುಜರಿಗೆ ಹಾಕುವ ಮೊದಲು ಹಗಲು ಬೆಳಕಿನಲ್ಲಿ ಒಮ್ಮೆ ನೋಡಿ. ಫೈರ್ ಟ್ಯೂಬ್ ಬಾಯ್ಲರಿನಲ್ಲಿ ಬೆಂಕಿ ಟ್ಯೂಬಿನ ಒಳಗೆ, ನೀರು ಹೊರಗೆ. ಆದ್ದರಿಂದ ನೀರು ತಾಗಿದ ಬದಿ ಕಣ್ಣೆದುರೇ ಇರುತ್ತದೆ. ಅಲ್ಲಲ್ಲಿ ಕೆಂಪು-ಕಂದು ಗುಳ್ಳೆಗಳಿದ್ದರೆ ಒಂದನ್ನು ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿಸಿ. ಮೇಲಿನ ಚಿಪ್ಪು ಪುಡಿಯಾಗಿ ಉದುರುತ್ತದೆ, ಅದರಡಿ ಕಪ್ಪು ಪುಡಿ, ಅದನ್ನು ಕೆರೆದರೆ ಡ್ರಿಲ್ ಇಟ್ಟು ಕೊರೆದಂತಹ ದುಂಡನೆಯ ಕುಳಿ. ಪಕ್ಕದಲ್ಲಿ ಲೋಹದ ದಪ್ಪ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಇದಕ್ಕೆ ಪಿಟಿಂಗ್ ಎನ್ನುತ್ತಾರೆ, ಇದು ಆಮ್ಲಜನಕದ ಗುರುತು. ಟ್ಯೂಬಿನ ತೂಕದಲ್ಲಿ ನೂರಕ್ಕೆ ಒಂದು ಪಾಲೂ ಸವೆಯದೆ ಅದು ತೂತಾಗಬಲ್ಲದು.

ಕೊಡಗಿನ ಮೇಲ್ಭಾಗದ ನೀರು ಏಕೆ ಹೀಗೆ? ಇಲ್ಲಿ ಮಳೆ ಹೆಚ್ಚು, ನೆಲದಡಿಯ ನೈಸ್ ಶಿಲೆ ಸುಲಭಕ್ಕೆ ಕರಗುವಂಥದ್ದಲ್ಲ, ಸುಣ್ಣದ ಅಂಶ ಕಡಿಮೆ. ಬಿದ್ದ ಮಳೆ ತರಗೆಲೆಯ ಮಣ್ಣಿನಲ್ಲಿ ಇಂಗುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೊರೆಗೆ ಬರುತ್ತದೆ. ಹೀಗಾಗಿ ಪಿಎಚ್ 7ಕ್ಕಿಂತ ಕೆಳಗಿರುವುದು, ಅಂದರೆ ನೀರು ತುಸು ಆಮ್ಲೀಯವಾಗಿರುವುದು ಸಾಮಾನ್ಯ. ಕಲ್ಲಿನಿಂದ ಕಲ್ಲಿಗೆ ಧುಮುಕುವಾಗ ಆಮ್ಲಜನಕವೂ ತುಂಬಿಕೊಳ್ಳುತ್ತದೆ.

ಇದಕ್ಕಿಂತ ಮುಖ್ಯವಾದ, ಯಾರೂ ಹೇಳದ ಸಂಗತಿ ಇನ್ನೊಂದಿದೆ. ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬೊನೇಟ್ ಎಂಬ ಕರಗಿದ ಲವಣಾಂಶ ಹೇರಳ. ಸಾಫ್ಟ್‌ನರ್ ದಾಟಿದ ಮೇಲೆ ಅದು ಸೋಡಿಯಂ ಬೈಕಾರ್ಬೊನೇಟ್ ಆಗಿ ಬಾಯ್ಲರಿಗೆ ಹೋಗುತ್ತದೆ. ಅಲ್ಲಿನ ಶಾಖಕ್ಕೆ ಒಡೆದು ಕ್ಷಾರವಾಗುತ್ತದೆ, ಪಿಎಚ್ ತಾನಾಗಿಯೇ ಏರುತ್ತದೆ. ಬಾಯ್ಲರಿನೊಳಗಿನ ಪಿಎಚ್ 10.5ರಿಂದ 11.5ರ ನಡುವೆ ಇದ್ದರೆ ಉಕ್ಕಿನ ಮೇಲೆ ಮ್ಯಾಗ್ನೆಟೈಟ್ ಎಂಬ ತೆಳುವಾದ ಕಪ್ಪು ಪದರ ಬೆಳೆಯುತ್ತದೆ. ಉಕ್ಕನ್ನು ಕಾಯುವುದು ಆ ಪದರವೇ. ನಿಮ್ಮ ತೊರೆ ನೀರಿನಲ್ಲಿ ಬೈಕಾರ್ಬೊನೇಟ್ ಹೆಸರಿಗಷ್ಟೇ ಇರುವುದರಿಂದ ಕ್ಷಾರ ತಾನಾಗಿ ಹುಟ್ಟುವುದಿಲ್ಲ, ನಾವೇ ಕಾಸ್ಟಿಕ್ ಸೋಡಾ ಹಾಕಿ ಏರಿಸಬೇಕು. ಬಯಲುಸೀಮೆಯ ಬಾಯ್ಲರಿಗೆ ಲೆಕ್ಕ ಹಾಕಿದ ಡೋಸನ್ನೇ ಬೆಟ್ಟದ ಬಾಯ್ಲರಿಗೂ ಬರೆದುಕೊಟ್ಟರೆ ಪಿಎಚ್ ಏರುವುದೇ ಇಲ್ಲ. ರಾಸಾಯನಿಕ ಮಾರುವವರು ನಿಮ್ಮ ನೀರನ್ನು ಪರೀಕ್ಷಿಸದೆ ಡೋಸ್ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಇನ್ನು ಆಮ್ಲಜನಕದ ಮಾತು. ಇದಕ್ಕೆ ಅತ್ಯಂತ ಅಗ್ಗದ ಮದ್ದು ಶಾಖ. ತಣ್ಣೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಬಾಯ್ಲರಿಗೆ ನೀರು ಒದಗಿಸುವ ಫೀಡ್ ಟ್ಯಾಂಕಿನ ನೀರನ್ನು 85 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿದರೆ ಅದು 2ರ ಆಸುಪಾಸಿಗೆ ಇಳಿಯುತ್ತದೆ. ಉಳಿದದ್ದನ್ನು ಸೋಡಿಯಂ ಸಲ್ಫೈಟ್ ಹಿಡಿಯುತ್ತದೆ. ಒಂದು ಮಿಲಿಗ್ರಾಂ ಆಮ್ಲಜನಕಕ್ಕೆ ಸುಮಾರು 8 ಮಿಲಿಗ್ರಾಂ ಸಲ್ಫೈಟ್ ಬೇಕು. ಅಂದರೆ ತಣ್ಣೀರು ಹಾಯಿಸಿದರೆ ಲೀಟರಿಗೆ 64 ಮಿಲಿಗ್ರಾಂ, ಬಿಸಿನೀರಿಗೆ 16. ಇದರ ಮೇಲೆ ಬಾಯ್ಲರ್ ನೀರಿನಲ್ಲಿ ಲೀಟರಿಗೆ 30ರಿಂದ 50 ಮಿಲಿಗ್ರಾಂ ಸಲ್ಫೈಟ್ ಸದಾ ಮಿಕ್ಕಿರುವಂತೆ ನೋಡಿಕೊಳ್ಳಬೇಕು. ಲಾಂಡ್ರಿಯಿಂದ ಮರಳುವ ಕಂಡೆನ್ಸೇಟನ್ನು, ಅಂದರೆ ಸ್ಟೀಮ್ ತಣಿದು ಆದ ಬಿಸಿನೀರನ್ನು, ಚರಂಡಿಗೆ ಬಿಡದೆ ಫೀಡ್ ಟ್ಯಾಂಕಿಗೆ ತಿರುಗಿಸಿದರೆ ಈ ಬಿಸಿಯ ದೊಡ್ಡ ಪಾಲು ಪುಕ್ಕಟೆ ಸಿಗುತ್ತದೆ. ಆ ಪೈಪಿನ ತುದಿ ಟ್ಯಾಂಕಿನ ನೀರಿನಲ್ಲಿ ಮುಳುಗಿರಲಿ. ಮೇಲಿನಿಂದ ಸುರಿದರೆ ನೀರು ಮತ್ತೆ ಗಾಳಿ ಹೀರುತ್ತದೆ. ಸಲ್ಫೈಟನ್ನೂ ತೆರೆದ ಟ್ಯಾಂಕಿಗೆ ಎರಚಬೇಡಿ. ಗಾಳಿಯ ಆಮ್ಲಜನಕವನ್ನೇ ಹಿಡಿಯುತ್ತಾ ಅದು ಅಲ್ಲಿಯೇ ಖರ್ಚಾಗಿಹೋಗುತ್ತದೆ. ಸಣ್ಣ ಡೋಸಿಂಗ್ ಪಂಪಿನಿಂದ ಫೀಡ್ ಪೈಪಿಗೇ ಸೇರಿಸುವುದು ಸರಿಯಾದ ಕ್ರಮ.

ಒಂದು ಎಚ್ಚರಿಕೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ತೆರೆದ ಟ್ಯಾಂಕಿನ ನೀರು 96 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ಟ್ಯಾಂಕ್ ನೆಲಮಟ್ಟದಲ್ಲಿದ್ದರೆ ಬಿಸಿನೀರು ಪಂಪಿನ ಬಾಯಲ್ಲಿ ಆವಿಯಾಗಿ, ಒಳಗೆ ಕಲ್ಲು ಉರುಳಿದಂತೆ ಸದ್ದು ಬರುತ್ತದೆ. ಟ್ಯಾಂಕನ್ನು ಪಂಪಿಗಿಂತ ಸಾಕಷ್ಟು ಎತ್ತರದಲ್ಲಿ ಕೂರಿಸಬೇಕು.

ಹಾಗಾದರೆ ಕೊಡಗಿನಲ್ಲಿ ಯಾರಿಗೂ ಸಾಫ್ಟ್‌ನರ್ ಬೇಡವೇ? ಹಾಗಲ್ಲ. ಜಿಲ್ಲೆಯ ಪೂರ್ವಕ್ಕೆ, ಕುಶಾಲನಗರದ ಕಡೆಗೆ ಇಳಿದಂತೆ ಮಳೆ ಕಡಿಮೆಯಾಗುತ್ತದೆ. ಅಲ್ಲಿ ಬೋರ್‌ವೆಲ್ ನಂಬಿದವರು ಗಡಸುತನ ಪರೀಕ್ಷಿಸದೆ ಒಂದು ಹೆಜ್ಜೆಯೂ ಇಡಬಾರದು. ಬೆಟ್ಟದ ಮೇಲಿನವರೂ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ತೊರೆ ಬತ್ತಿದಾಗ ಟ್ಯಾಂಕರ್ ತರಿಸುತ್ತಾರೆ ಅಥವಾ ಬೋರ್‌ವೆಲ್ ಚಾಲೂ ಮಾಡುತ್ತಾರೆ. ಆ ದಿನ ನೀರಿನ ಗುಣವೇ ಬದಲಾಗಿರುತ್ತದೆ, ಬಾಯ್ಲರ್ ನೋಡಿಕೊಳ್ಳುವವರಿಗೆ ಮಾತ್ರ ಯಾರೂ ತಿಳಿಸಿರುವುದಿಲ್ಲ. ಗಡಸುತನದ ಕಿಟ್ ಒಂದನ್ನು ಬಾಯ್ಲರ್ ಮನೆಯಲ್ಲೇ ಇಡಿ. ಅಳತೆಯ ನೀರಿಗೆ ಬಫರ್ ಮತ್ತು ಸೂಚಕ ಹಾಕಿದಾಗ ಗಡಸುತನವಿದ್ದರೆ ದ್ರಾಕ್ಷಾರಸದಂತಹ ಕೆಂಪು ಬಣ್ಣ ಬರುತ್ತದೆ. ಮೂರನೆಯ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಕುಲುಕಿದರೆ ಒಂದು ಹನಿಗೆ ಬಣ್ಣ ಥಟ್ಟನೆ ನೀಲಿಗೆ ತಿರುಗುತ್ತದೆ. ಎಷ್ಟು ಹನಿ ಬೇಕಾಯಿತು ಎಂಬುದೇ ಲೆಕ್ಕ. ಬಾಯ್ಲರಿಗೆ ಹೋಗುವ ನೀರಿನ ಗಡಸುತನ ಲೀಟರಿಗೆ 5 ಮಿಲಿಗ್ರಾಂ ದಾಟಬಾರದು ಎಂದು ಇಟ್ಟುಕೊಳ್ಳಿ. ಒಂದಿಷ್ಟು ನುಸುಳಿದರೂ ತೊಂದರೆಯಾಗದಂತೆ ಟ್ರೈಸೋಡಿಯಂ ಫಾಸ್ಫೇಟ್ ಕೊಡುತ್ತಾರೆ. ಅದು ಕ್ಯಾಲ್ಸಿಯಮನ್ನು ಗಟ್ಟಿ ಪದರವಾಗಲು ಬಿಡದೆ ಮೆತ್ತನೆಯ ಕೆಸರಾಗಿಸುತ್ತದೆ, ಕೆಸರು ಬ್ಲೋಡೌನಿನಲ್ಲಿ, ಅಂದರೆ ಬಾಯ್ಲರಿನ ನೀರನ್ನು ಆಗಾಗ ಒಂದಿಷ್ಟು ಹೊರಬಿಡುವಾಗ, ಹೊರಬೀಳುತ್ತದೆ.

ಬ್ಲೋಡೌನ್ ವಿಷಯದಲ್ಲಂತೂ ಕೊಡಗಿನ ಬಹಳಷ್ಟು ಬಾಯ್ಲರುಗಳು ಬೇರೆ ಊರಿನ ಪದ್ಧತಿಯಲ್ಲಿ ನಡೆಯುತ್ತಿವೆ. ಬಾಯ್ಲರ್ ನೀರಿನ ಟಿಡಿಎಸ್, ಅಂದರೆ ಕರಗಿದ ಒಟ್ಟು ಲವಣಾಂಶ, ಲೀಟರಿಗೆ 3,000 ಮಿಲಿಗ್ರಾಂಗೆ ಮಿತಿಗೊಳಿಸುತ್ತೀರಿ ಎಂದುಕೊಳ್ಳೋಣ. ಒಳಹೋಗುವ ನೀರಿನ ಟಿಡಿಎಸ್ 500 ಇದ್ದರೆ, 500ನ್ನು ಎರಡರ ವ್ಯತ್ಯಾಸವಾದ 2,500ರಿಂದ ಭಾಗಿಸಿ. ಸಾವಿರ ಲೀಟರ್ ನೀರು ಆವಿಯಾದಾಗ 200 ಲೀಟರ್ ಹೊರಬಿಡಬೇಕು. ನಿಮ್ಮ ತೊರೆಯ ನೀರು ರಾಸಾಯನಿಕವೂ ಸೇರಿ 100 ಇದೆ ಎಂದಿಟ್ಟುಕೊಂಡರೂ 35 ಲೀಟರ್ ಸಾಕು. ಅದಕ್ಕಿಂತ ಹೆಚ್ಚು ಬಿಟ್ಟಷ್ಟೂ ಕಾದ ನೀರು, ಕಾಸ್ಟಿಕ್, ಸಲ್ಫೈಟ್ ಎಲ್ಲವೂ ಚರಂಡಿಗೆ, ಅದರ ಬದಲಿಗೆ ಗಾಳಿ ತುಂಬಿದ ಹೊಸ ನೀರು ಒಳಕ್ಕೆ. ಮಳೆಗಾಲದಲ್ಲಿ ಮಾತ್ರ ಲೆಕ್ಕ ಬೇರೆ. ತೊರೆ ಕೆಂಪಗೆ ಹರಿಯುವಾಗ ಮಣ್ಣೂ ಎಲೆಯ ಕಷಾಯವೂ ಸೇರಿ ಬಾಯ್ಲರಿನಲ್ಲಿ ನೊರೆ ಏಳುತ್ತದೆ, ಗೇಜ್ ಗ್ಲಾಸಿನಲ್ಲಿ ನೀರಿನ ಮಟ್ಟ ಕುಣಿಯುತ್ತದೆ. ಕೆಸರು ನೀರನ್ನು ಮೊದಲು ತೊಟ್ಟಿಯಲ್ಲಿ ತಿಳಿಯಾಗಿಸಿ, ಮರಳಿನ ಫಿಲ್ಟರ್ ದಾಟಿಸಿ ಬಿಡಬೇಕು.

ನಿಮ್ಮ ಅಡುಗೆಮನೆಯಲ್ಲಿ ಕಡಂಬುಟ್ಟು ಬೇಯಿಸಲು ಬಾಯ್ಲರಿನ ಸ್ಟೀಮನ್ನೇ ನೇರವಾಗಿ ಬಿಡುತ್ತಿದ್ದರೆ ಆಮ್ಲಜನಕ ತೆಗೆಯಲು ಬಳಸುವ ಹೈಡ್ರಜೀನ್ ಇರುವ ಯಾವ ರಾಸಾಯನಿಕವೂ ಬೇಡವೇ ಬೇಡ, ಅದು ವಿಷ. ಕಂಡೆನ್ಸೇಟ್ ಪೈಪು ಸವೆಯದಿರಲು ಬಳಸುವ ಅಮೈನ್‌ಗಳು ಆವಿಯ ಜೊತೆಗೇ ಹೋಗುತ್ತವೆ. ಆಹಾರಕ್ಕೆ ತಾಗುವ ಸ್ಟೀಮಿಗೆ ಅನುಮತಿಯಿದೆ ಎಂದು ಲಿಖಿತವಾಗಿ ಪಡೆಯದೆ ಅವನ್ನು ಬಳಸಬೇಡಿ.

ಕೊನೆಗೆ, ಬಾಯ್ಲರ್ ನಿಂತಿರುವ ತಿಂಗಳುಗಳು. ಜೂನ್‌ನಿಂದ ಸೆಪ್ಟೆಂಬರ್ ತನಕ ಅತಿಥಿಗಳು ಕಡಿಮೆ, ಕಾಫಿ ಹಂಗಾಮಿಗೆ ಇನ್ನೂ ಸಮಯವಿದೆ ಎಂದು ಅರ್ಧ ನೀರು ಬಿಟ್ಟು ಬೀಗ ಹಾಕುತ್ತಾರೆ. ವರ್ಷವಿಡೀ ಓಡುವಾಗ ಆಗದ ಹಾನಿ ಆ ನಾಲ್ಕು ತಿಂಗಳಲ್ಲಿ ಆಗಬಲ್ಲದು, ಏಕೆಂದರೆ ನೀರೂ ಗಾಳಿಯೂ ಸೇರುವ ಗೆರೆಯಲ್ಲೇ ಪಿಟಿಂಗ್ ಹೆಚ್ಚು. ಕೆಲವೇ ವಾರ ನಿಲ್ಲಿಸುವುದಾದರೆ ಕಾಸ್ಟಿಕ್ ಮತ್ತು ಹೆಚ್ಚು ಸಲ್ಫೈಟ್ ಬೆರೆಸಿದ ನೀರನ್ನು ಗಾಳಿಗೆ ಜಾಗವಿಲ್ಲದಂತೆ ಪೂರ್ತಿ ತುಂಬಿಸಿ. ಮಳೆಗಾಲವಿಡೀ ನಿಲ್ಲಿಸುವುದಾದರೆ ಒಣಗಿಸಿಡುವುದೇ ಒಳ್ಳೆಯದು. ಒತ್ತಡ ಇಳಿದ ಮೇಲೆ ಬಾಯ್ಲರ್ ಇನ್ನೂ ಬಿಸಿಯಿರುವಾಗಲೇ ನೀರು ಬಸಿದು, ಪೂರ್ತಿ ಒಣಗಲು ಬಿಟ್ಟು, ತಟ್ಟೆಗಳಲ್ಲಿ ತೇವ ಹೀರುವ ಸುಟ್ಟ ಸುಣ್ಣ ಅಥವಾ ಸಿಲಿಕಾ ಜೆಲ್ ಇಟ್ಟು ಎಲ್ಲ ಬಾಗಿಲು, ವಾಲ್ವ್ ಬಿಗಿಯಾಗಿ ಮುಚ್ಚಿ. ಬೆಂಕಿಯ ಬದಿಯ ಮಸಿ, ಬೂದಿಯನ್ನೂ ಗುಡಿಸಿ ತೆಗೆಯಿರಿ. ನಮ್ಮ ಮಳೆಗಾಲದ ಹವೆಯಲ್ಲಿ ಬೂದಿ ತೇವ ಹೀರಿ ಆ ಬದಿಯಿಂದಲೂ ಟ್ಯೂಬ್ ತಿನ್ನುತ್ತದೆ. ತಿಂಗಳಿಗೊಮ್ಮೆ ಸುಣ್ಣ ನೋಡಿ, ಪುಡಿಯಾಗಿದ್ದರೆ ಬದಲಾಯಿಸಿ. ಮುಚ್ಚಿಟ್ಟ ಬಾಯ್ಲರಿನಲ್ಲಿ ತುಕ್ಕು ಆಮ್ಲಜನಕವನ್ನು ಕಬಳಿಸಿರುತ್ತದೆ, ಗಾಳಿಯಾಡಿಸದೆ ಯಾರೂ ತಲೆ ಒಳಗೆ ಹಾಕಬಾರದು. ಮತ್ತೆ ನೀರು ತುಂಬುವ ಮೊದಲು ತಟ್ಟೆಗಳನ್ನು ಎಣಿಸಿ ಹೊರತೆಗೆಯಿರಿ. ಸುಟ್ಟ ಸುಣ್ಣದ ಮೇಲೆ ನೀರು ಬಿದ್ದರೆ ಅದು ಕುದಿದು ಸಿಡಿಯುತ್ತದೆ. ಒಳಗೆ ಎಷ್ಟು ತಟ್ಟೆ ಇಟ್ಟಿದ್ದೀರಿ ಎಂಬುದನ್ನು ಮುಚ್ಚುವ ದಿನವೇ ಚೀಟಿಯಲ್ಲಿ ಬರೆದು ಮ್ಯಾನ್‌ಹೋಲ್ ಬಾಗಿಲಿಗೆ ಕಟ್ಟಿಡಿ.